ಅಮ್ಮಣ್ಣಿಯ ತಿಣ್ಣೆ

ಮದರಾಸಿನ ಪುರಸೈವಾಕ್ಕಂ ಹೈರೋಡಿನ ಜವಳಿ ಅಂಗಡಿಗಳನ್ನು ದಾಟಿ ಎರಡು ತಿರುವು ಒಳಗೆ ಬಂದರೆ ಅರುಣಗಿರಿ ಮೇಸ್ತ್ರಿ ಬೀದಿ ಸಿಗುತ್ತದೆ. ಅಲ್ಲಿದ್ದ ಮೂವತ್ತೆರಡು ಮನೆಗಳಲ್ಲಿ ಹನ್ನೊಂದು ಕನ್ನಡದವರವು, ಅವುಗಳಲ್ಲೂ ಹೆಚ್ಚಿನವು ರೈಲ್ವೆಯವರವು. ಆ ಬೀದಿಯಲ್ಲಿ ಅಮ್ಮಣ್ಣಿಗಿಂತ ಹೆಚ್ಚು ಹೊಟ್ಟೆಕಿಚ್ಚುಪಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಅದೇ ಬೀದಿಯಲ್ಲಿದ್ದ ನಾನು ಈ ಮಾತನ್ನು ಆಕೆಯ ಎದುರಿಗೇ ಒಮ್ಮೆ ಹೇಳಿದ್ದೆ. "ಹೊಟ್ಟೆಕಿಚ್ಚಲ್ಲ ಮೇಡಂ, ನ್ಯಾಯ ಕೇಳೋದು" ಎಂದು ಉತ್ತರ ಬಂತು.

ಆಕೆ ಚನ್ನಪಟ್ಟಣದ ಕಡೆಯವಳು. ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅಮ್ಮಣ್ಣಿಯೂ ರೈಲ್ವೆ ಸೇರಿ, ಸೆಂಟ್ರಲ್ ಸ್ಟೇಷನ್ನಿನ ರಿಸರ್ವೇಷನ್ ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದಳು. ಮದುವೆಯಾಗಲಿಲ್ಲ. ಬಂದ ಗಂಡುಗಳಲ್ಲಿ ಒಬ್ಬನಿಗೆ ತನಗಿಂತ ಮೇಲಿನ ಗ್ರೇಡ್ ಇತ್ತು, ಅದಕ್ಕೇ ಬೇಡವೆಂದಳು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ ನಾನು ವಿಚಾರಿಸಿಲ್ಲ. ನಂಬಲು ಮಾತ್ರ ಕಷ್ಟವಾಗಲಿಲ್ಲ.

ಕಂಪ್ಯೂಟರ್ ಬರುವ ಮೊದಲು ಬರ್ತ್‌ಗಳೆಲ್ಲ ದಪ್ಪ ರಿಜಿಸ್ಟರಿನಲ್ಲಿ, ಕೈಬರಹದಲ್ಲಿ ಇರುತ್ತಿದ್ದವು. ಬೇಸಿಗೆ ರಜೆಯಲ್ಲಿ ಬೆಂಗಳೂರು ಮೇಲ್‌ಗೆ ಜಾಗ ಸಿಗುವುದು ಎಂದರೆ ಪುಣ್ಯ. ಮದುವೆಗೆ, ಸಾವಿಗೆ, ಹೆರಿಗೆಗೆ ಊರಿಗೆ ಹೊರಟವರು ಬೆಳಿಗ್ಗೆ ಏಳಕ್ಕೇ ಬಂದು ಅಮ್ಮಣ್ಣಿಯ ತಿಣ್ಣೆಯ ಮೇಲೆ ಕೂರುತ್ತಿದ್ದರು. ನಮ್ಮ ಕಡೆ ಜಗಲಿ ಎನ್ನುವುದು ಮದರಾಸಿನಲ್ಲಿ ತಿಣ್ಣೆ. ಬೀದಿಗೆ ಮುಖ ಮಾಡಿ, ಬಾಗಿಲಿನ ಎರಡೂ ಬದಿಗೆ ಕಟ್ಟಿದ ಕೂರುವ ಕಟ್ಟೆ. ಅಮ್ಮಣ್ಣಿಯದು ಕೆಂಪು ಗಾರೆಯದು, ಬೀದಿಯಲ್ಲಿ ಅತಿ ಅಗಲದ್ದು. ಆಕೆ ಯಾರಿಂದಲೂ ಒಂದು ಡಜನ್ ಬಾಳೆಹಣ್ಣನ್ನೂ ತೆಗೆದುಕೊಂಡವಳಲ್ಲ. ಆಕೆಗೆ ಬೇಕಾಗಿದ್ದುದು ಬಂದವರು ಕಾಯುವುದು. ತಲೆ ಬಾಚಿ, ಪೂಜೆ ಮುಗಿಸಿ, ಕಾಫಿ ಕುಡಿದು ಹೊರಬಂದು, ಕೂತವರನ್ನು ಒಂದು ಸುತ್ತು ನೋಡುತ್ತಿದ್ದಳು. ಆಮೇಲೆ ಕೆಲಸ ಖಂಡಿತ ಆಗುತ್ತಿತ್ತು. ನಾನೂ ಎರಡು ಬಾರಿ ಕಾದಿದ್ದೇನೆ.

ತೊಂಬತ್ತೇಳರಲ್ಲಿ ನಿವೃತ್ತಿಯಾಯಿತು. ಹಳೆಯ ಅಭ್ಯಾಸಕ್ಕೆ ಆರು ತಿಂಗಳು ಜನ ಬಂದರು. ಆಮೇಲೆ ಹೈರೋಡಿನಲ್ಲಿ ಟ್ರಾವೆಲ್ಸ್ ಅಂಗಡಿ ತೆರೆದುಕೊಂಡಿತು. ತಿಣ್ಣೆಯ ಮೇಲೆ ತರಕಾರಿಯವಳು ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುವುದನ್ನು ಬಿಟ್ಟರೆ ಬೇರಾರೂ ಕೂರುತ್ತಿರಲಿಲ್ಲ. ಆದರೂ ಅಮ್ಮಣ್ಣಿ ಪ್ರತಿ ಶನಿವಾರ ಅದನ್ನು ತೊಳೆದು ಒರೆಸುತ್ತಿದ್ದಳು.

ಪಕ್ಕದ ಮನೆ ಸಾಕಮ್ಮನದು. ಗಂಡ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಎಂಬತ್ತನಾಲ್ಕರಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಸಾಕಮ್ಮನಿಗೆ ಕನ್ನಡ ಓದಲು ಅರ್ಧಂಬರ್ಧ ಬರುತ್ತಿತ್ತು, ಇಂಗ್ಲಿಷ್ ಇಲ್ಲ. ಹದಿನಾರು ವರ್ಷ ಆಕೆಯ ಪಿಂಚಣಿ ಕಾಗದ, ರೇಷನ್ ಕಾರ್ಡು, ನವೆಂಬರ್ ಬಂದರೆ ಬ್ಯಾಂಕಿಗೆ ಕೊಡುವ ಜೀವಂತವಿದ್ದೇನೆ ಎಂಬ ಸರ್ಟಿಫಿಕೇಟು, ಎಲ್ಲವನ್ನೂ ತುಂಬಿಕೊಟ್ಟವಳು ಅಮ್ಮಣ್ಣಿ. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಡುತ್ತಿದ್ದಳು. ಸಾಕಮ್ಮನ ನಿವೇಶನ ಅಮ್ಮಣ್ಣಿಯದಕ್ಕಿಂತ ಎರಡರಷ್ಟು ಅಗಲ. ಆದರೆ ಅಲ್ಲಿ ತಿಣ್ಣೆಯಿಲ್ಲ, ಕಾಂಪೌಂಡು, ಗೇಟು, ಒಂದು ನುಗ್ಗೆಮರ. "ನಾಲ್ಕು ಜನ ಬಂದು ಕೂರೋ ಮನೆಯಲ್ಲ ಅದು" ಎಂದು ಅಮ್ಮಣ್ಣಿ ಹೇಳುತ್ತಿದ್ದಳು. ಅಗಲದ ವಿಷಯ ಮಾತ್ರ ಎಂದೂ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಪೊಂಗಲ್ ಕಳೆದ ವಾರ ಬೀದಿಗೆ ಬಿಳಿ ಕಾರೊಂದು ಬಂತು. ಬಿಳಿ ಷರಟಿನವನೊಬ್ಬ ಇಳಿದು ಮನೆಗಳ ನಂಬರು ನೋಡತೊಡಗಿದ. ಅಮ್ಮಣ್ಣಿ ಕಿಟಕಿಯಿಂದ ನೋಡಿದಳು, ಒಳಗೆ ಹೋಗಿ ಬೇರೆ ಸೀರೆ ಉಟ್ಟಳು. ಹೊರಗೆ ಬರುವಷ್ಟರಲ್ಲಿ ಆತ ಸಾಕಮ್ಮನ ಗೇಟು ತೆಗೆದು ಒಳಗೆ ಹೋಗಿದ್ದ. ಇದನ್ನು ನನಗೆ ಹೇಳಿದವಳು ಎರಡೂ ಮನೆಗೆ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು.

ಆತ ಬಿಲ್ಡರ್. ಆಗ ನಗರದ ತುಂಬ ಅದೇ ಮಾತು: ಹಳೆಯ ಮನೆ ಕೊಡಿ, ಕೆಡವಿ ಫ್ಲಾಟ್ ಕಟ್ಟುತ್ತೇವೆ, ನಿಮಗೆ ಇಷ್ಟು, ನಮಗೆ ಇಷ್ಟು. ಸಾಕಮ್ಮನ ಜಾಗದಲ್ಲಿ ಕೆಳಗೆ ಕಾರು ನಿಲ್ಲಿಸಲು ಕಂಬಗಳ ನಡುವೆ ಜಾಗ, ಮೇಲೆ ಮೂರು ಅಂತಸ್ತು, ಒಂಬತ್ತು ಫ್ಲಾಟು, ಲಿಫ್ಟು. ಒಂಬತ್ತರಲ್ಲಿ ಮೂರು ಆಕೆಗೆ. ಬಿಳಿ ಕಾರು ನಾಲ್ಕು ಬಾರಿ ಬಂತು. ಪ್ರತಿ ಬಾರಿಯೂ ಅಮ್ಮಣ್ಣಿ ಬಾಗಿಲಲ್ಲಿದ್ದಳು. ಡ್ರೈವರ್ ಕಾರನ್ನು ಆಕೆಯ ತಿಣ್ಣೆಗೆ ಒತ್ತಿ ನಿಲ್ಲಿಸುತ್ತಿದ್ದ. ಸಹಿ ಆಗಿಹೋಗಿದೆ ಎಂಬ ಸುದ್ದಿ ಫೆಬ್ರವರಿಯಲ್ಲಿ ತಿಳಿಯಿತು. ಅದೇ ದಿನ ಅಮ್ಮಣ್ಣಿ ಪಕ್ಕದ ಮನೆಗೆ ಹೋದಳು. ಹೋಗುವಾಗ ನನ್ನನ್ನೂ ಕರೆದುಕೊಂಡಳು, ಸಾಕ್ಷಿಗೆಂದು ಕಾಣುತ್ತದೆ.

ಸಾಕಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಎದ್ದು ಚಾಪೆ ಹಾಸಿದಳು. ಅಮ್ಮಣ್ಣಿ ಕೂರಲಿಲ್ಲ.

"ಪೇಪರು ಯಾರ ಕೈಲಿ ಓದಿಸಿದೆ?"

"ನಮ್ಮ ತಮ್ಮ ಬಂದಿದ್ದ ಅಕ್ಕಾವ್ರೇ, ಪಲ್ಲಾವರಂನಿಂದ."

"ಶುಕ್ರವಾರದ ಸಂತೇಲಿ ಪಾತ್ರೆ ಮಾರೋನು. ಅವನಿಗೇನು ಗೊತ್ತು?"

"ಓದಕ್ಕೆ ಬರುತ್ತೆ ಅಕ್ಕಾವ್ರೇ. ಅವನ ಮಗಳು ವಕೀಲರ ಆಫೀಸಲ್ಲಿ ಟೈಪಿಂಗ್ ಮಾಡ್ತಾಳೆ, ಅವಳೂ ನೋಡಿದ್ಲು."

"ಹದಿನಾರು ವರ್ಷ ನಿನ್ನ ಒಂದೊಂದು ಕಾಗದಾನೂ ನಾನು ನೋಡಿದೀನಿ. ಇಷ್ಟು ದೊಡ್ಡದಕ್ಕೆ ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ?"

ಸಾಕಮ್ಮ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದಳು. "ಕೇಳಿದ್ರೆ ನೀವು ಬೇಡ ಅಂತಿದ್ರಿ" ಎಂದಳು.

ಅಮ್ಮಣ್ಣಿ ತಿರುಗಿ ಹೊರಟಳು. ಬೀದಿಗೆ ಬಂದಮೇಲೆ, ಆ ಮನೆ ಮೇಲೇಳಲು ಬಿಡುವುದಿಲ್ಲ ಎಂದು ನನಗೆ ಹೇಳಿದಳು. ಧ್ವನಿ ಏರಿಸಲಿಲ್ಲ. ತಾನು ಯಾರಿಗೆ ಕಾಗದ ಓದಿಕೊಡುತ್ತಿದ್ದಳೋ ಅವಳು ಇನ್ನು ಲಿಫ್ಟಿನಲ್ಲಿ ಓಡಾಡುತ್ತಾಳೆ, ತನ್ನ ಹಿತ್ತಲನ್ನು ಮೂರನೆಯ ಮಹಡಿಯಿಂದ ನೋಡುತ್ತಾಳೆ. ಅದೊಂದೇ ಆಕೆಯ ಕಣ್ಣ ಮುಂದಿತ್ತು.

ಮರು ಭಾನುವಾರ ಅಮ್ಮಣ್ಣಿಯ ತಿಣ್ಣೆಯಲ್ಲೇ ಬೀದಿಯ ಸಭೆ ಸೇರಿತು. ಮೂರು ವರ್ಷದ ಮೇಲೆ ಮೊದಲ ಬಾರಿಗೆ ಅಲ್ಲಿ ಕೂರಲು ಜಾಗ ಸಾಲಲಿಲ್ಲ. ಅಮ್ಮಣ್ಣಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡಿದ್ದಳು. ಫ್ಲಾಟು ಬಂದರೆ ಏನಾಗುತ್ತದೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಭಯ ಹೇಳಿಕೊಂಡರು. ಆಳವಾದ ಬೋರು ಕೊರೆದರೆ ನಮ್ಮ ಕೈಪಂಪು ಬತ್ತುತ್ತದೆ, ಈಗಲೇ ವಾರಕ್ಕೆ ಎರಡು ದಿನ ನೀರಿನ ಲಾರಿಯ ಹಿಂದೆ ಕೊಡ ಹಿಡಿದು ಓಡುತ್ತಿದ್ದೇವೆ. ಒಳಚರಂಡಿ ಇಂಗ್ಲಿಷರ ಕಾಲದ್ದು. ಒಂಬತ್ತು ಕಾರು ಎಲ್ಲಿ ತಿರುಗುತ್ತವೆ. ಇವೆಲ್ಲ ನಿಜವಾದ ಕಷ್ಟಗಳೇ, ನಾನೂ ತಲೆಯಾಡಿಸಿದೆ. ಆದರೆ ಹೊತ್ತು ಹೋದಂತೆ ಮಾತು ನೀರಿನಿಂದ ಸಾಕಮ್ಮನ ಕಡೆಗೆ ಹರಿಯಿತು. ಮೂರು ಫ್ಲಾಟು ಇಟ್ಟುಕೊಂಡು ಒಂಟಿ ಹೆಂಗಸು ಏನು ಮಾಡುತ್ತಾಳೆ ಎಂದು ಒಬ್ಬರು ಕೇಳಿದರು. ಫಿಟ್ಟರನ ಹೆಂಡತಿಗೆ ಬಂದ ಅದೃಷ್ಟ ನೋಡಿ ಎಂದು ಇನ್ನೊಬ್ಬರು. ನಮ್ಮ ನಮ್ಮ ನಿವೇಶನಗಳೆಲ್ಲ ಕಿರಿದು, ಯಾವ ಬಿಲ್ಡರನೂ ಕೇಳಿಕೊಂಡು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ವಿರೋಧವಿಲ್ಲದವನು ಕಾಂತಪ್ಪ ಒಬ್ಬ. ಎದುರು ಸಾಲಿನಲ್ಲಿ ಅವನ ಮನೆ, ಕೆಳಗೆ ಟಿಫನ್ ರೂಮು, ಮೇಲೆ ಬಾಡಿಗೆಯ ಕೋಣೆಗಳು, ಉಡುಪಿಯ ಕಡೆಯವನು.

"ಎಂತ ಮಾರಾಯ್ರೆ, ಒಂಬತ್ತು ಮನೆ ಬಂದ್ರೆ ನಂಗೆ ಒಳ್ಳೇದೇ. ಬೆಳಿಗ್ಗೆ ಎದ್ದು ಇಡ್ಲಿ ಮಾಡುವವರು ಈಗ ಯಾರಿದ್ದಾರೆ?"

"ನಿಮಗೆ ನಿಮ್ಮ ಸಾಂಬಾರಿನ ಚಿಂತೆ" ಎಂದಳು ಅಮ್ಮಣ್ಣಿ.

"ಹೌದಲ್ಲ. ನಿಮಗೆ ಯಾವುದರ ಚಿಂತೆ ಹೇಳಿ, ಅದನ್ನೂ ಕೇಳುವ."

ಕೆಲವರು ನಕ್ಕರು. ಅಮ್ಮಣ್ಣಿ ನಗಲಿಲ್ಲ. ದಾರಿ ತೋರಿಸಿದವನು ರಘುರಾಮ. ರೈಲ್ವೆಯ ಡ್ರಾಯಿಂಗ್ ಕಚೇರಿಯಲ್ಲಿದ್ದು ನಿವೃತ್ತನಾದವನು, ಮಾತು ಕಡಿಮೆ, ಅರ್ಧ ತಮಿಳು. ಮೂವತ್ತು ಅಡಿ ರಸ್ತೆ ಇಲ್ಲದಿದ್ದರೆ ಮೂರು ಅಂತಸ್ತಿಗೆ ಅನುಮತಿ ಸಿಗುವುದಿಲ್ಲವೆಂದು ಅವನು ವಿವರಿಸಿದ. "ನೀರು ಗೀರು ಎಲ್ಲಾ ಬರೀಬೇಡಿ, ಯಾರೂ ಓದಲ್ಲ. ರೋಡು ಅಳೀರಿ, ಅಷ್ಟುದಾನ್" ಎಂದ.

ಅಲ್ಲೇ ಟೇಪು ತರಿಸಿದರು. ಒಂದು ತುದಿಯನ್ನು ಅಮ್ಮಣ್ಣಿ ತನ್ನ ತಿಣ್ಣೆಯ ಅಂಚಿಗೆ ತಾನೇ ಒತ್ತಿ ಹಿಡಿದಳು, ಇನ್ನೊಂದು ತುದಿಯನ್ನು ರಘುರಾಮ ಎದುರು ಮನೆಯ ತಿಣ್ಣೆಗೆ ಹಿಡಿದ. ಇಪ್ಪತ್ತೈದೂವರೆ ಅಡಿ. ಬೀದಿಯ ಉದ್ದಕ್ಕೂ ಆರು ಕಡೆ ಅಳೆದರು, ಎಲ್ಲೂ ಇಪ್ಪತ್ತಾರು ದಾಟಲಿಲ್ಲ. ಜನ ಚಪ್ಪಾಳೆ ತಟ್ಟಿದರು. ತಿಣ್ಣೆಯಿಂದ ತಿಣ್ಣೆಗೆ ಅಳೆಯುತ್ತಿದ್ದೇವೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಜೀವಮಾನವಿಡೀ ನಕ್ಷೆ ಬರೆದ ರಘುರಾಮನಿಗೂ ಇಲ್ಲ, ನನಗೂ ಇಲ್ಲ. ತಿಣ್ಣೆ ಎಂದರೆ ನಮಗೆ ಮನೆ. ಅದರ ಮೇಲೆ ಬತ್ತಿ ಹೊಸೆದಿದ್ದೇವೆ, ಮಗುವಿಗೆ ಅನ್ನ ಉಣಿಸಿದ್ದೇವೆ, ಹೆಣವನ್ನೂ ಮಲಗಿಸಿದ್ದೇವೆ. ಅದು ರಸ್ತೆಯ ಜಾಗವಿದ್ದೀತು ಎಂಬ ಯೋಚನೆ ಆ ಬೀದಿಯಲ್ಲಿ ಹುಟ್ಟುವಂತೆಯೇ ಇರಲಿಲ್ಲ.

ಕಾಲೇಜಿನಲ್ಲಿ ಪಾಠ ಮಾಡಿದವಳು ಎಂದು ಕಾರ್ಪೊರೇಷನ್ನಿಗೆ ಅರ್ಜಿ ಬರೆಯುವ ಕೆಲಸ ನನಗೆ ಬಂತು. ರಸ್ತೆಗೆ ಕಾನೂನಿನ ಅಗಲವಿಲ್ಲ, ಸ್ಥಳಕ್ಕೆ ಬಂದು ಅಳೆದು ನೋಡಿ, ಅಗಲದ ವಿಷಯದಲ್ಲಿ ಕಟ್ಟುನಿಟ್ಟಾಗಿ ಕ್ರಮ ಕೈಗೊಳ್ಳಿ ಎಂದು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದೆ. "ಕಟ್ಟುನಿಟ್ಟಾಗಿ" ಎಂಬ ಮಾತನ್ನು ಸೇರಿಸಿದ್ದು ಅಮ್ಮಣ್ಣಿಯ ಒತ್ತಾಯಕ್ಕೆ. ಆಕೆ ಮನೆಮನೆಗೆ ಹೋಗಿ ಸಹಿ ಹಾಕಿಸಿದಳು. ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಮೊದಲೇ ಮಾಡಿಟ್ಟಿದ್ದಳು. ಕಾಂತಪ್ಪನನ್ನೂ ಸಾಕಮ್ಮನನ್ನೂ ಬಿಟ್ಟು ಮೂವತ್ತು ಮನೆಯವರು ಸಹಿ ಹಾಕಿದರು.

ಆಮೇಲಿನ ಆರು ತಿಂಗಳು ಅಮ್ಮಣ್ಣಿ ಎಂದಿಗಿಂತ ಚೆನ್ನಾಗಿದ್ದಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಕಚೇರಿಗೆ ಹೋಗಿ, ಕಡತ ಯಾವ ಮೇಜಿನ ಮೇಲಿದೆ ಎಂದು ತಿಳಿದು ಬರುತ್ತಿದ್ದಳು. ಸುದ್ದಿ ಕೇಳಲು ಬೀದಿಯವರು ತಿಣ್ಣೆಗೆ ಬರುತ್ತಿದ್ದರು, ಆಕೆ ಕಾಫಿ ಕುಡಿದು ಮುಗಿಸುವವರೆಗೆ ಕಾಯುತ್ತಿದ್ದರು. ಬಿಳಿ ಕಾರು ಬರುವುದು ನಿಂತಿತು. ಒಂದು ಮಧ್ಯಾಹ್ನ ಸಾಕಮ್ಮ ಗೇಟಿನ ಹತ್ತಿರ ನಿಂತು ಬೀದಿಯ ಎರಡೂ ಕಡೆ ನೋಡುತ್ತಿದ್ದುದನ್ನು ಅಮ್ಮಣ್ಣಿ ನನಗೆ ಮೂರು ಸಲ ವರ್ಣಿಸಿದಳು.

ಸೆಪ್ಟೆಂಬರಿನಲ್ಲಿ ಸರ್ವೇಯರ್ ಬಂದ. ಜೊತೆಗೆ ಅಳತೆಯ ಚೈನ್ ಹಿಡಿಯುವವರಿಬ್ಬರು, ಮಡಿಚಿದ ಕಡೆ ಹರಿದ ಹಳೆಯ ನಕ್ಷೆ. ಅಮ್ಮಣ್ಣಿ ಅವನಿಗೆ ಕುರ್ಚಿ ಹಾಕಿಸಿ ಮಜ್ಜಿಗೆ ಕೊಟ್ಟಳು. ಅವನು ಮಜ್ಜಿಗೆ ಕುಡಿದು, ಎದ್ದು, ಚೈನನ್ನು ಆಕೆಯ ತಿಣ್ಣೆಯ ಮೇಲೆ ಹಾಯಿಸಿ ಹಿಂದಿನ ಗೋಡೆಗೆ ಹಿಡಿಸಿದ. ಎದುರು ಕಡೆಯೂ ಹಾಗೇ. ಮೂವತ್ತು ಅಡಿ ಎರಡು ಅಂಗುಲ. ಚೈನಿನವನೊಬ್ಬ ಡಬ್ಬದಲ್ಲಿ ಬ್ರಷ್ಷು ಅದ್ದಿ ಕೆಂಪು ಗಾರೆಯ ಮೇಲೆ ಬಿಳಿಯ ಗೆರೆ ಎಳೆದ. ನಾನು ಅಲ್ಲೇ ಇದ್ದೆ. ಅಮ್ಮಣ್ಣಿ ಮೊದಲು ಗೆರೆಯನ್ನು ಒರೆಸಲು ಬಗ್ಗಿದಳು, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಇದೇನು ಎಂದು ತಮಿಳಿನಲ್ಲಿ ಕೇಳಿದಳು.

"ನೀವೇ ತಾನಮ್ಮಾ ಬರೆದಿದ್ದು" ಎಂದು ಅವನು ನಮ್ಮ ಅರ್ಜಿಯನ್ನು ತೋರಿಸಿದ. ರಸ್ತೆ ಸರಿಯಾಗಿಯೇ ಇದೆ, ಒತ್ತುವರಿ ತೆಗೆದರೆ ಆಯಿತು ಎಂದ. ಬೀದಿಯಲ್ಲಿ ಹತ್ತೊಂಬತ್ತು ತಿಣ್ಣೆಗಳಿದ್ದವು. ಸಂಜೆಯೊಳಗೆ ಹತ್ತೊಂಬತ್ತರ ಮೇಲೂ ಬಿಳಿಯ ಗೆರೆ ಬಿತ್ತು. ಸಾಕಮ್ಮನ ಮನೆಗೆ ತಿಣ್ಣೆಯಿಲ್ಲದ್ದರಿಂದ ಅಲ್ಲಿ ಎಳೆಯಲು ಏನೂ ಇರಲಿಲ್ಲ.

ಹದಿನೈದು ದಿನದ ನೋಟಿಸು ಬಂತು. ಇನ್ನೊಂದು ಅರ್ಜಿ, ಕೌನ್ಸಿಲರ್ ಮನೆಗೆ ಎರಡು ಸಲ ಹೋಗಿದ್ದು, ಇವು ಯಾವುದೂ ಫಲ ಕೊಡಲಿಲ್ಲ. ಎಲ್ಲಿ ಹೋದರೂ ನಮ್ಮದೇ ಮೂವತ್ತು ಸಹಿಗಳನ್ನು ನಮಗೆ ತೋರಿಸಿದರು. ಕೆಡವಲು ಬಂದ ದಿನ ಹಾರೆ ಹಿಡಿದ ಎಂಟು ಜನ ಬೀದಿಯ ತುದಿಯಿಂದ ಶುರುಮಾಡಿದರು. ಬೀದಿಯವರು ಬಾಗಿಲುಗಳಲ್ಲಿ ನಿಂತು ತಮ್ಮ ತಿಣ್ಣೆಗಿಂತ ಹೆಚ್ಚಾಗಿ ಅಮ್ಮಣ್ಣಿಯ ಮನೆಯ ಕಡೆಗೇ ನೋಡುತ್ತಿದ್ದರು. ರಘುರಾಮನ ಹೆಂಡತಿ ಉಷಾ ಕೇಳಿಸುವಂತೆಯೇ ಹೇಳಿದಳು: "ಪಕ್ಕದವಳ ಮೇಲಿನ ಉರಿಗೆ ನಮ್ಮೆಲ್ಲರ ಬಾಗಿಲು ಕೀಳಿಸಿದ್ರು." ಕಾಂತಪ್ಪನ ತಿಣ್ಣೆಯೂ ಹೋಯಿತು. ಅವನು ಗಲ್ಲಾದಿಂದ ಎದ್ದುಬಂದು ನೋಡಿ, "ಸಹಿ ಹಾಕದ ನನಗೂ ಟಿಕೆಟ್ ಕೊಟ್ಟರಲ್ಲ ಅಮ್ಮಣ್ಣಿಯವ್ರು" ಎಂದು ಒಳಗೆ ಹೋದ.

ಅಮ್ಮಣ್ಣಿಯ ಗಾರೆ ಗಟ್ಟಿಯಿತ್ತು. ಅದಕ್ಕೆ ಒಂದು ಗಂಟೆ ಹಿಡಿಯಿತು. ಆಕೆ ಹೊಸ್ತಿಲ ಒಳಗೆ ನಿಂತು ಕೊನೆಯ ಕಲ್ಲು ಏಳುವವರೆಗೂ ನೋಡಿದಳು. ಕಣ್ಣೀರು ಇತ್ಯಾದಿ ಇರಲಿಲ್ಲ. ಕೆಲಸ ಮುಗಿದಮೇಲೆ ಹೊಸ್ತಿಲಿಗೂ ರಸ್ತೆಗೂ ನಡುವೆ ಎರಡು ಅಡಿಯ ತಗ್ಗು ಉಳಿಯಿತು. ಆಕೆ ಮೇಸ್ತ್ರಿಯನ್ನು ಕರೆದು ಒಂದು ಮರದ ಮೆಟ್ಟಿಲು ಇಡಿಸಿಕೊಂಡಳು.

ಡಿಸೆಂಬರಿನಲ್ಲಿ ಸಾಕಮ್ಮನ ಕಟ್ಟಡಕ್ಕೆ ಅನುಮತಿ ಸಿಕ್ಕಿತು. ಮೂವತ್ತು ಅಡಿ ರಸ್ತೆ ಈಗ ಯಾರ ಕಣ್ಣಿಗೂ ಕಾಣುವಂತಿತ್ತು. ಬಿಳಿ ಕಾರು ಮತ್ತೆ ಬಂತು, ಸಲೀಸಾಗಿ ತಿರುಗಿತು. ಬೀದಿಯಲ್ಲಿ ಅಮ್ಮಣ್ಣಿಯೊಡನೆ ಮಾತಾಡುತ್ತಿದ್ದವಳು ನಾನೊಬ್ಬಳೇ. ಅರ್ಜಿ ಬರೆದವಳು ನಾನಾದ್ದರಿಂದ ನನ್ನೊಡನೆಯೂ ಹೆಚ್ಚು ಜನ ಮಾತಾಡುತ್ತಿರಲಿಲ್ಲ.

ಸಂಕ್ರಾಂತಿಯ ದಿನ ನಾನು ಅಮ್ಮಣ್ಣಿಯ ಮನೆಯಲ್ಲಿ ಕೂತಿದ್ದಾಗ ಸಾಕಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದು, ಮರದ ಮೆಟ್ಟಿಲು ಹತ್ತಿ ಒಳಗೆ ಬಂದಳು. ತಟ್ಟೆ ಇಟ್ಟು ನೆಲದ ಮೇಲೆ ಕೂತಳು.

"ಎಲ್ಲಾ ನಿಮ್ಮಿಂದಲೇ ಆಯ್ತು ಅಕ್ಕಾವ್ರೇ. ರೋಡು ಕಮ್ಮಿ ಅಂತ ಮೊದಲೇ ಬಿಲ್ಡರ ಕಡೆ ಇಂಜಿನಿಯರು ಕೈಬಿಟ್ಟಿದ್ರಂತೆ. ನೀವು ಬರೆಸಿದ ಮೇಲೆ ಸರ್ಕಾರವೇ ಅಗಲ ಮಾಡಿಕೊಡ್ತು."

ಇದನ್ನು ಚುಚ್ಚಲೆಂದು ಹೇಳಿದಳೋ, ನಿಜವಾಗಿ ಕೃತಜ್ಞತೆಯಿಂದಲೋ, ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ. ಸಾಕಮ್ಮ ಮುಂದುವರಿಸಿದಳು. ಮನೆ ಕೆಡವುತ್ತಾರೆ, ಕಟ್ಟಿ ಮುಗಿಸಲು ಹದಿನಾಲ್ಕು ತಿಂಗಳು ಬೇಕು. ಅಷ್ಟು ದಿನ ಅಮ್ಮಣ್ಣಿಯ ಮುಂದಿನ ಕೋಣೆಯಲ್ಲಿ ಇರಬಹುದೇ? ಕೆಲಸದ ಹತ್ತಿರವೇ ಇದ್ದಂತಾಗುತ್ತದೆ, ಬಿಲ್ಡರು ಬಾಡಿಗೆ ಕೊಡುತ್ತಾರೆ, ಕಾಗದ ಪತ್ರ ಬಂದರೆ ಅಕ್ಕಾವ್ರು ಪಕ್ಕದಲ್ಲೇ ಇರುತ್ತಾರೆ.

"ಕಾಗದ ನೋಡಕ್ಕೆ ನಿನ್ನ ತಮ್ಮನ ಮಗಳಿದ್ದಾಳಲ್ಲ."

"ಅವಳಿಗೆ ಮದುವೆ ಗೊತ್ತಾಗಿದೆ. ತಿರುಚ್ಚಿಗೆ ಹೋಗ್ತಾಳೆ."

"ಹಾಗೋ. ಅದಕ್ಕೆ ನಾನು ಬೇಕಾದೆ."

"ನೀವು ಯಾವಾಗ ಬೇಡವಾಗಿದ್ರಿ ಅಕ್ಕಾವ್ರೇ?"

ಅಮ್ಮಣ್ಣಿ ತಟ್ಟೆಯಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಳು. ಒಪ್ಪಿಕೊಳ್ಳುತ್ತಾಳೆ ಎಂದೇ ನಾನು ಎಣಿಸಿದೆ. ಆಮೇಲೆ, ಮುಂದಿನ ಕೋಣೆ ಸೋರುತ್ತದೆ ಎಂದಳು. ಜನವರಿ ತಿಂಗಳು, ಮುಂದಿನ ಎಂಟು ತಿಂಗಳು ಮಳೆಯ ಮಾತಿಲ್ಲ. ಸಾಕಮ್ಮ ಒಮ್ಮೆ ಮಾಡಿನ ಕಡೆ ನೋಡಿ, ತಟ್ಟೆಯಲ್ಲಿದ್ದುದನ್ನು ಬೇರೆ ಪಾತ್ರೆಗೆ ಸುರಿದುಕೊಟ್ಟು, ತಟ್ಟೆ ತೆಗೆದುಕೊಂಡು ಎದ್ದಳು.

ಫೆಬ್ರವರಿಯ ಮೊದಲ ವಾರ ಸಾಕಮ್ಮ ಕಾಂತಪ್ಪನ ಮಹಡಿಯ ಮುಂಭಾಗದ ಕೋಣೆಗೆ ಹೋದಳು. ಅದು ಅಮ್ಮಣ್ಣಿಯ ಕಿಟಕಿಗೆ ನೇರ ಎದುರು. ಅಲ್ಲಿಗೆ ಬಿಲ್ಡರ್ ಬರುತ್ತಿದ್ದ, ಇಂಜಿನಿಯರ್ ಬರುತ್ತಿದ್ದ. ಫ್ಲಾಟು ಕೊಳ್ಳಲು ಬಂದ ಗಂಡಹೆಂಡಿರು, ನೆರೆಹೊರೆ ಹೇಗೆ ಎಂದು ವಿಚಾರಿಸಲು ಮೆಟ್ಟಿಲು ಹತ್ತುತ್ತಿದ್ದರು. ಬೀದಿಯ ಹೆಂಗಸರು ಸಂಜೆ ಅಲ್ಲಿ ಸೇರುತ್ತಿದ್ದರು. ಉಷಾಳೂ ಹೋಗುತ್ತಿದ್ದಳು, ಅಣ್ಣನ ಮಗನಿಗೆ ಎರಡನೆಯ ಮಹಡಿಯಲ್ಲಿ ಒಂದು ಫ್ಲಾಟು ಕೇಳಲು. ಕೆಳಗಿನಿಂದ ಕಾಂತಪ್ಪ ಕಾಫಿ ಕಳಿಸುತ್ತಿದ್ದ. ಸಾಕಮ್ಮ ಎಲ್ಲರನ್ನೂ ಬಂದ ತಕ್ಷಣ ಒಳಗೆ ಕರೆಯುತ್ತಿದ್ದಳು, ಯಾರನ್ನೂ ಕಾಯಿಸುತ್ತಿರಲಿಲ್ಲ. ಕಾಯಿಸಬಹುದೆಂಬುದು ಅವಳಿಗೆ ತೋಚಿರಲಿಕ್ಕಿಲ್ಲ.

ಅಮ್ಮಣ್ಣಿ ಕಿಟಕಿಯ ಬಳಿ ಕೂತು ಅಲ್ಲಿಗೆ ಬಂದವರ ಲೆಕ್ಕವನ್ನು ನನಗೆ ಒಪ್ಪಿಸುತ್ತಿದ್ದಳು. ಹತ್ತೂಕಾಲಿಗೆ ಕನ್ನಡಕದವನು, ಹನ್ನೊಂದಕ್ಕೆ ಮತ್ತೆ ಅವನೇ, ಜೊತೆಗೆ ಹೆಂಡತಿ. ಇನ್ಷೂರೆನ್ಸ್ ಕಂಪನಿಯ ಸತ್ಯನಾರಾಯಣ ಎರಡು ದಿನದಲ್ಲಿ ಮೂರು ಬಾರಿ ಹೋಗಿದ್ದಾನೆ. ಇದೇ ಸತ್ಯನಾರಾಯಣ ಒಂದು ಕಾಲಕ್ಕೆ ಅಕ್ಕನ ಹೆರಿಗೆಗೆ ಹೊರಟಾಗ ಬರ್ತ್‌ಗಾಗಿ ಅಮ್ಮಣ್ಣಿಯ ಮುಂದೆ ಕಣ್ಣೀರು ಹಾಕಿದ್ದ. ಕಿಟಕಿ ಮುಚ್ಚಿಕೊಳ್ಳಬಹುದಲ್ಲ ಎಂದೆ. ಸೆಖೆ ಎಂದಳು.

ಮಾರ್ಚಿನ ಒಂದು ಬೆಳಿಗ್ಗೆ, ಪಕ್ಕದಲ್ಲಿ ಅಡಿಪಾಯ ತೋಡುವ ಸದ್ದಿನ ನಡುವೆ, ಒಳಗೆ ಜಾಗ ಸಾಲದೆ ಎದುರು ಮಹಡಿಯ ಮೆಟ್ಟಿಲಲ್ಲಿ ಐದಾರು ಜನ ಸಾಲಾಗಿ ನಿಂತಿದ್ದರು. ಅಮ್ಮಣ್ಣಿ ಅವರನ್ನು ನೋಡುತ್ತಲೇ ನನ್ನನ್ನು ಕೇಳಿದಳು.

"ಆ ಕೋಣೆ ಕೊಟ್ಟುಬಿಟ್ಟಿದ್ರೆ, ಇವರೆಲ್ಲ ಇಲ್ಲಿಗೆ ತಾನೆ ಬರ್ತಿದ್ರು?"

ಹೌದು ಎಂದೆ.